ಹಾಡುವವರ ಹಿಂದಿನ ಪರದೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಕೊನೆಯ ರಾತ್ರಿ ಇಲ್ಲಿಯೇ ಕಲಿತು ಬೆಳೆದ ಹಳೆಯ ವಿದ್ಯಾರ್ಥಿನಿಯೊಬ್ಬಳ ಗಾಯನ ಏರ್ಪಾಡಾಗಿದೆ. ವೇದಿಕೆಯ ಹಿಂದಿನ ಪರದೆಯ ಮೇಲೆ ಏನಿರಬೇಕೆಂಬ ಪ್ರಶ್ನೆ ಸಮಿತಿಯ ಸಭೆಯಲ್ಲಿ ಬಂದಾಗ ಒಬ್ಬರು ವೀಣೆಯೆಂದರು, ಒಬ್ಬರು ನವಿಲೆಂದರು, ಕಂಪ್ಯೂಟರಿನಲ್ಲಿ ಸಿದ್ಧ ಚಿತ್ರಗಳು ಬೇಕಾದಷ್ಟು ದೊರೆಯುತ್ತವೆಂದು ಮತ್ತೊಬ್ಬರು ಹೇಳಿದರು. ನಿವೃತ್ತ ಚಿತ್ರಕಲಾ ಶಿಕ್ಷಕನಾದ ನನ್ನ ಅಭಿಪ್ರಾಯವನ್ನೂ ಕೇಳಿದರು. ಅಂದು ನಾನು ಸುಮ್ಮನಿದ್ದೆ. ಆ ದಿನ ಹೇಳಲಾಗದ ಮಾತನ್ನು ಈ ಸಂಚಿಕೆಯ ಮೂಲಕ ನಿವೇದಿಸುತ್ತಿದ್ದೇನೆ.

ಸುಮ್ಮನಿರಲು ಕಾರಣವಿತ್ತು. ಬಹಳ ವರ್ಷಗಳ ಹಿಂದೆ ಗಡಹಿಂಗ್ಲಜದಲ್ಲಿ ನಡೆದ ಅಹೋರಾತ್ರಿ ಸಂಗೀತ ಸಭೆಗೆ ನಾನು ಪರದೆ ಬರೆದಿದ್ದೆ. ಹುಣ್ಣಿಮೆಯ ಚಂದ್ರ, ಜಲಪಾತ, ಕಮಲ, ವೀಣೆ, ಎರಡು ಹಂಸಗಳು, ಯಾವುದನ್ನೂ ಬಿಟ್ಟಿರಲಿಲ್ಲ. ಧಾರವಾಡದ ಕಡೆಯಿಂದ ಬಂದಿದ್ದ ಹಿರಿಯ ಗವಾಯಿಗಳ ಸರದಿ ಬರುವಷ್ಟರಲ್ಲಿ ಬೆಳಗಾಯಿತು. ಅವರು ಎತ್ತಿಕೊಂಡದ್ದು ತೋಡಿ. ಕೂಡುವ ಮೊದಲು ಒಮ್ಮೆ ಹಿಂದಿರುಗಿ ನೋಡಿ, ಪರದೆಯ ಮೇಲೊಂದು ಜಮಖಾನೆ ಇಳಿಬಿಡಿಸಿದರು. ಹಾಡು ಮುಗಿದ ಮೇಲೆ ನನ್ನನ್ನು ಕರೆದು, “ಮಾಸ್ತರ, ಚಂದ್ರ ಛಲೋ ಬಂದಾನ್ರಿ. ಆದರ ನಾ ಹಾಡೂದರಾಗ ಅಂವ ಮುಳುಗಿ ಹೋಗ್ಯಾನ್ರಿ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಆದರೂ ನನಗೆ ಆದ ನಾಚಿಕೆ ಬಹುಕಾಲ ಹೋಗಲಿಲ್ಲ. ನಾನು ಬರೆದದ್ದು ‘ಸಂಗೀತ’ವನ್ನು, ಅಲ್ಲಿ ಕುಳಿತು ಹಾಡುವ ಮನುಷ್ಯನನ್ನು ನಾನು ವಿಚಾರಿಸಿಯೇ ಇರಲಿಲ್ಲ.

ಗಾಯಕನ ಗುರುತನ್ನು ಕಣ್ಣಿಗೆ ಕಾಣಿಸುವ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ೧೫೮೦ರಿಂದ ೧೬೨೭ರವರೆಗೆ ವಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ಸ್ವತಃ ಸಂಗೀತಗಾರ. ಕೊಲ್ಲಾಪುರದ ಸಮೀಪದ ಪನ್ಹಾಳಗಡವೂ ಆಗ ಆದಿಲಶಾಹಿಗೆ ಸೇರಿತ್ತು. ದಖ್ಖನಿ ಭಾಷೆಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ ಹಾಡುಗಳನ್ನು ರಾಗಗಳ ಹೆಸರಿನಡಿ ಜೋಡಿಸಲಾಗಿದೆ, ಸರಸ್ವತಿ ಗಣಪತಿಯರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಅವನು ಮೋತಿಖಾನ್ ಎಂದು ಹೆಸರಿಟ್ಟಿದ್ದ. ಫರ್ರುಖ್ ಬೇಗ್ ಎಂಬ ಚಿತ್ರಕಾರ ಅವನನ್ನು ತಂಬೂರಿ ನುಡಿಸುತ್ತಿರುವಂತೆ ಬರೆದ ಚಿತ್ರವೊಂದು ಇಂದು ದೂರದ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅರಸನನ್ನು ಗುರುತಿಸಲು ಸಿಂಹಾಸನ, ಖಡ್ಗಗಳು ಸಾಕಾಗಿದ್ದವು. ಅವನು ತೋರಿಸಿಕೊಳ್ಳಲು ಬಯಸಿದ್ದು ತನ್ನದೇ ಹೆಸರಿಟ್ಟ ತಂಬೂರಿಯೊಡನೆ. ಗುರುತು ಹಾಡುವವನ ಬದುಕಿನೊಳಗಿನಿಂದಲೇ ಬರಬೇಕೆಂಬುದು ಇದರಿಂದ ನಾನು ಕಲಿತ ಮೊದಲ ಪಾಠ.

ಎರಡನೆಯ ಪಾಠ ಕಲಿಸಿದ್ದು ಸಂಗೀತ ನಾಟಕದ ರಂಗಭೂಮಿ. ಕೊಲ್ಲಾಪುರದ ಕೇಶವರಾವ ಭೋಸಲೆಯವರು (೧೮೯೦–೧೯೨೧) ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು ಸ್ಥಾಪಿಸಿದ್ದು ೧೯೦೮ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. ಆ ಕಾಲದ ಸಂಗೀತ ನಾಟಕ ಮಂಡಳಿಗಳಿಗೆ ಪರದೆ ಬರೆದವರಲ್ಲಿ ಕೊಲ್ಲಾಪುರದ ಸೋದರಸಂಬಂಧಿಗಳಾದ ಆನಂದರಾವ ಮತ್ತು ಬಾಬುರಾವ ಮೇಸ್ತ್ರಿಯವರು ಅಗ್ರಗಣ್ಯರು. ಆನಂದರಾವ ೧೯೧೬ರಲ್ಲಿ ತೀರಿಕೊಂಡರು. ಬಾಬುರಾವ ಮುಂದೆ ‘ಬಾಬುರಾವ ಪೇಂಟರ್’ ಎಂದು ಖ್ಯಾತರಾಗಿ, ೧೯೨೦ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ತೆರೆಗೆ ತಂದರು.

ಈ ನಾಟಕಗಳಲ್ಲಿ ನಟನು ಮುಂದೆ ಬಂದು ನಿಂತು ಪದ ಹಾಡುತ್ತಿದ್ದ. ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ಅದೇ ಪದವನ್ನು ಮತ್ತೆ ಮತ್ತೆ ವಿಸ್ತರಿಸುತ್ತಿದ್ದ. ಅಷ್ಟು ಹೊತ್ತೂ ಕಥೆ ನಿಂತಿರುತ್ತಿತ್ತು. ಹಿಂದಿನ ಪರದೆ ಕದಲುತ್ತಿರಲಿಲ್ಲ. ಕಿವಿ ಹಾಡಿನಲ್ಲಿರುವಾಗ ಕಣ್ಣು ಆ ಪರದೆಯಲ್ಲಿ ಅಲೆದಾಡುತ್ತಿತ್ತು. ಆದುದರಿಂದ ಪರದೆಯು ಒಂದೇ ನೋಟಕ್ಕೆ ತೀರಿಹೋಗದೆ ಅರ್ಧ ಗಂಟೆಯ ನೋಟವನ್ನು ತಾಳಿಕೊಳ್ಳಬೇಕಾಗಿತ್ತು. ಅದೇ ವೇಳೆಗೆ ಹಾಡುವವನ ಮುಖದಿಂದ ಕಣ್ಣನ್ನು ಕಸಿದುಕೊಳ್ಳಲೂ ಬಾರದು.

ಇದನ್ನು ಸಾಧಿಸುವ ಬಗೆಯನ್ನು ನಾನು ಹಳೆಯ ಪರದೆ ಕಲಾವಿದರಿಂದ ಕಲಿತೆ. ಮಾದರಪಾಟ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕಾಯಿಸಿದ ತೆಳು ಅಂಟನ್ನು ಬಳಿದು ಒಣಗಿಸಬೇಕು. ಸುಣ್ಣದ ಪುಡಿ, ಬಣ್ಣ ಮತ್ತು ಅಂಟು ಸೇರಿಸಿ ಬರೆಯಬೇಕು. ಈ ಬಣ್ಣ ಹಸಿಯಿದ್ದಾಗ ಗಾಢ, ಒಣಗಿದಾಗ ತಿಳಿ. ಅಂದಾಜು ಬಲಿಯಲು ವರ್ಷಗಳೇ ಬೇಕು. ಪ್ರೇಕ್ಷಕರು ಕೆಳಗೆ ಕುಳಿತಿರುವುದರಿಂದ ದಿಗಂತದ ಗೆರೆಯನ್ನು ತಗ್ಗಿನಲ್ಲಿಡಬೇಕು. ಹಾಡುವವರ ತಲೆಯ ಸುತ್ತಲಿನ ಭಾಗವನ್ನು ಖಾಲಿಯಾಗಿ ಬಿಡಬೇಕು. ವಿವರಗಳೆಲ್ಲ ಅಂಚಿಗೆ ಹೋಗಬೇಕು, ಅಲ್ಲಿಯೂ ಮಂಜಿನಲ್ಲಿದ್ದಂತೆ ಅರ್ಧ ಕರಗಿರಬೇಕು. ವಾತಾವರಣವೆನ್ನುವುದು ವಸ್ತುಗಳಿಂದ ಬರುವುದಿಲ್ಲ. ಬೆಳಕು ಯಾವ ಹೊತ್ತಿನದು, ಅದು ಎಲ್ಲಿಂದ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಿಂದ ಬರುತ್ತದೆ. ನನ್ನ ಹುಣ್ಣಿಮೆಯ ಚಂದ್ರ ಕೆಟ್ಟದ್ದು ಇಲ್ಲಿಯೇ.

ಶಾಹೂ ಮಹಾರಾಜರು ಕಟ್ಟಿಸಿದ, ೧೯೧೫ರಲ್ಲಿ ಪೂರ್ಣಗೊಂಡ ಕೊಲ್ಲಾಪುರದ ಪ್ಯಾಲೇಸ್ ಥಿಯೇಟರು ಮುಂದೆ ಕೇಶವರಾವ ಭೋಸಲೆಯವರ ಹೆಸರನ್ನೇ ಪಡೆಯಿತು. ೨೦೨೪ರ ಆಗಸ್ಟ್ ೮ರ ರಾತ್ರಿ ಅದು ಬೆಂಕಿಗೆ ಆಹುತಿಯಾಯಿತು. ಮರುದಿನವೇ ಕೇಶವರಾವರ ಜಯಂತಿ. ಆ ಸುದ್ದಿ ಕೇಳಿದಾಗ ಆ ರಂಗಮಂಚದ ಮೇಲೆ ಇಳಿದು ಏರಿದ ಪರದೆಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಚಿತ್ರ ಎಷ್ಟು ಬೇಗ ಬೂದಿಯಾಗುತ್ತದೆ!

ಕೆಲವೊಮ್ಮೆ ದನಿ ಅಳಿದು ಚಿತ್ರವೇ ಉಳಿಯುತ್ತದೆ. ೧೮೯೫ರಲ್ಲಿ ಕೊಲ್ಲಾಪುರದ ಆಸ್ಥಾನಕ್ಕೆ ಬಂದ ಅಲ್ಲಾದಿಯಾಖಾನ್ ಸಾಹೇಬರು (೧೮೫೫–೧೯೪೬) ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷರು. ಅವರ ಗಾಯನದ ಧ್ವನಿಮುದ್ರಿಕೆ ನಮಗೆ ದೊರೆತಿಲ್ಲ. ಉಳಿದದ್ದು ರುಮಾಲು ಸುತ್ತಿದ ಮುಖದ ಛಾಯಾಚಿತ್ರಗಳು ಮತ್ತು ಶಿಷ್ಯರ ಕಂಠ. ಯೌವನದಲ್ಲಿ ಅತಿಯಾದ ಹಾಡಿಕೆಯಿಂದ ಅವರ ಕಂಠ ಕೆಟ್ಟಿತು. ಬದಲಾದ ಕಂಠಕ್ಕೆ ಒಗ್ಗುವಂತೆ ಹೊಸ ಗಾಯಕಿಯನ್ನೇ ಅವರು ಕಟ್ಟಿಕೊಂಡರು. ಅವರ ಮಕ್ಕಳಾದ ಮಂಜಿಖಾನ್ ಮತ್ತು ಭುರ್ಜಿಖಾನರಿಂದ ಆ ವಿದ್ಯೆಯನ್ನು ಪಡೆದವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨).

ಮನಸೂರರನ್ನು ಬರೆಯಬೇಕೆಂದು ನಾನು ಅನೇಕ ಸಲ ಯತ್ನಿಸಿದ್ದೇನೆ. ಕೃಶವಾದ ದೇಹ, ಬಿಳಿಯ ಉಡುಪು, ಹಿಂದೆ ಎರಡು ತಂಬೂರಿ. ಅಷ್ಟನ್ನು ಬರೆದರೆ ಹೋಲಿಕೆ ಬರುತ್ತದೆ, ಹಾಡು ಬರುವುದಿಲ್ಲ. ಅವರ ಗಾಯನದಲ್ಲಿ ಸ್ವರವೂ ಲಯವೂ ಬೇರ್ಪಡದೆ ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತವೆ. ಎರಡು ರಾಗಗಳು ಕೂಡಿದ ಜೋಡರಾಗಗಳನ್ನು ಹಾಡುವಾಗ, ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬುದು ತಿಳಿಯುವುದಿಲ್ಲ. ಇದನ್ನು ಕುಂಚದಿಂದ ತೋರಿಸುವುದು ಹೇಗೆ?

ಉತ್ತರ ದೊರೆತದ್ದು ಇಚಲಕರಂಜಿಯಲ್ಲಿ. ಬಾಲಕೃಷ್ಣಬುವಾ ಇಚಲಕರಂಜೀಕರರ (೧೮೪೯–೧೯೨೬) ಹೆಸರಿನಲ್ಲಿ ಗ್ವಾಲಿಯರ್ ಗಾಯಕಿಯ ಕೀರ್ತಿ ಹೊತ್ತ ಆ ಊರೇ ವಿಠ್ಠಲರಾವ ದಾತಾರರು ೧೯೦೪ರಲ್ಲಿ ತಂದ ಮೊದಲ ಯಂತ್ರಮಗ್ಗದಿಂದ ನೇಕಾರರ ಊರೂ ಆಯಿತು. ಅಲ್ಲಿಯ ನೇಕಾರರ ಮನೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದ ಬಟ್ಟೆಯನ್ನು ನೋಡಿದೆ. ಧೂಪಛಾಂವ್ ಎನ್ನುತ್ತಾರೆ. ಅದರಲ್ಲಿ ಎರಡೂ ಬಣ್ಣಗಳಿವೆ. ಆದರೆ ಕಣ್ಣಿಗೆ ಕಾಣುವುದು ಮೂರನೆಯದು. ಬೆಳಕು ಸರಿದರೆ ಬಣ್ಣವೂ ಸರಿಯುತ್ತದೆ. ಜೋಡರಾಗವೆಂದರೆ ಇದೇ ಎಂದು ನನಗೆ ಹೊಳೆಯಿತು.

ಈಗ ನಮ್ಮ ವಿದ್ಯಾರ್ಥಿನಿಯ ವಿಷಯ. ಸಮಾರಂಭದ ಆಮಂತ್ರಣ ಪತ್ರಿಕೆಯ ಮೊದಲ ಕರಡಿನಲ್ಲಿ ಅವಳ ಭಾವಚಿತ್ರವನ್ನು ಅರಮನೆ, ಕಮಲದ ಕೊಳಗಳ ನಡುವೆ ಕೂರಿಸಿ, ಅವಳು ಎಂದೂ ನುಡಿಸದ ವೀಣೆಯನ್ನು ಪಕ್ಕಕ್ಕಿಟ್ಟಿದ್ದರು. ಅದನ್ನು ನೋಡಿ ಅವಳು ಮೆಲ್ಲಗೆ, “ಸರ್, ಇದು ನಾನಲ್ಲ” ಎಂದಳು. ಹಾಗಾದರೆ ನೀನು ಯಾರೆಂದು ಕೇಳಿದೆ. ತಂದೆ ಮಗ್ಗದ ಕೆಲಸಗಾರರು. ಬೆಳಗಿನ ರಿಯಾಜಿಗೆ ಬೇರೆ ಕೋಣೆಯಿರಲಿಲ್ಲ. ಓಣಿಯ ಮಗ್ಗಗಳ ಸದ್ದಿನಲ್ಲಿಯೇ ಲಯ ಹಿಡಿದೆ, ಎಂದಳು. ಇಷ್ಟು ದಿನ ಇದನ್ನು ವೇದಿಕೆಯ ಮೇಲೆ ಹೇಳಲು ಅವಳಿಗೆ ಸಂಕೋಚವಿತ್ತಂತೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಗುರುಗಳಿಂದ ಕಲಿತದ್ದು ಹಿಂದುಸ್ತಾನಿ ಚೀಜುಗಳು. ಇವುಗಳಲ್ಲಿ ಯಾವುದನ್ನು ಕಳೆದರೂ ಅವಳು ಉಳಿಯುವುದಿಲ್ಲ. ಅಂದು ರಾತ್ರಿ ಅವಳು ಹಾಡಲಿರುವುದು ಬಸಂತಿ ಕೇದಾರ, ಖಾನ್‌ಸಾಹೇಬರ ಘರಾಣೆಯವರು ಪ್ರೀತಿಯಿಂದ ಹಾಡುತ್ತ ಬಂದ ಜೋಡರಾಗ.

ಆದುದರಿಂದ ಸಮಿತಿಗೆ ನನ್ನ ಸಲಹೆಯಿಷ್ಟೇ. ಈ ಸಲ ಪರದೆ ಬರೆಯುವುದು ಬೇಡ, ನೇಯಿಸೋಣ. ಹಾಸು ಕಡುನೀಲಿ, ಹೊಕ್ಕು ಇಟ್ಟಿಗೆಗೆಂಪು. ಯಾವ ಚಿತ್ರವೂ ಬೇಡ. ಒಂದೇ ದೀಪ, ಬದಿಯಿಂದ, ತಗ್ಗಿನಲ್ಲಿರಲಿ. ಹಾಡು ಬೆಳೆದಂತೆ ದೀಪವನ್ನು ನಿಧಾನವಾಗಿ ಸರಿಸಿದರೆ ನೀಲಿ ಕೆಂಪಾಗುವುದು, ಕೆಂಪು ನೀಲಿಯಾಗುವುದು. ಸಾಧ್ಯವಾದರೆ ಆ ಬಟ್ಟೆಯನ್ನು ಅವಳ ತಂದೆಯವರ ಕೈಯಿಂದಲೇ ನೇಯಿಸೋಣ. ಅಂದು ಅವರು ಮುಂದಿನ ಸಾಲಿನಲ್ಲಿ ಕುಳಿತು ಮಗಳನ್ನು ಕೇಳುವಾಗ, ತಮ್ಮ ಕೈಕೆಲಸವೂ ಅವಳ ಹಿಂದೆ ನಿಂತಿರುವುದನ್ನು ಕಾಣಲಿ.

ಐವತ್ತು ವರ್ಷಗಳಿಂದ ಈ ಶಾಲೆ ಮಾಡುತ್ತ ಬಂದದ್ದೂ ಇಂಥದೇ ನೇಯ್ಗೆಯ ಕೆಲಸ. ಅದು ನೂರ್ಕಾಲ ನಡೆಯಲೆಂದು ಹಾರೈಸಿ ವಿರಮಿಸುತ್ತೇನೆ.