ನೆಟ್ ಕಡಿದಿರುವುದು ಎಲ್ಲಿ?

2025ರ ಆಗಸ್ಟ್‌ನಲ್ಲಿ ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆಯ ರಾಮಂತಾಪುರದಲ್ಲಿ ಜನ್ಮಾಷ್ಟಮಿ ಮೆರವಣಿಗೆಯ ರಥಕ್ಕೆ ವಿದ್ಯುತ್ ತಗುಲಿ ಐವರು ಸತ್ತರು. ಅದರ ಬೆನ್ನಿಗೇ ಕಂಬಗಳಿಗೆ ಜೋತುಬಿದ್ದಿದ್ದ ಕೇಬಲ್‌ಗಳನ್ನು ಕತ್ತರಿಸುವ ಕೆಲಸ ಶುರುವಾಯಿತು. ಹೈದರಾಬಾದಿನ ಹಲವು ಬಡಾವಣೆಗಳಲ್ಲಿ ಇಂಟರ್ನೆಟ್ ನಿಂತುಹೋಯಿತು.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನೆಟ್ ಇಲ್ಲ. ಆದರೆ ಮಲ್ಕಾಜ್‌ಗಿರಿಯ ಮನೆಯಲ್ಲಿ ಕೂತು ಬೆಂಗಳೂರಿನ ಸರ್ವರ್‌ನಲ್ಲಿ ಕೆಲಸ ಮಾಡುವವರ ಬಳಿ ಲಿನಕ್ಸ್ ಅಥವಾ ಬೇರಾವುದೇ ಯುನಿಕ್ಸ್ ಬಗೆಯ ಯಂತ್ರವಿದ್ದರೆ, ತಂತು ಎಲ್ಲಿ ಕಡಿದಿದೆ ಎಂಬುದನ್ನು ಅದನ್ನೇ ಕೇಳಿ ತಿಳಿಯಬಹುದು.

ಹುಡುಕಾಟ ಮನೆಯೊಳಗಿಂದ ಹೊರಡಬೇಕು. ಟರ್ಮಿನಲ್‌ನಲ್ಲಿ ಯಂತ್ರದ ಐಪಿ ವಿಳಾಸ ನೋಡಿ. ಅದು 169.254 ಎಂದು ಶುರುವಾಗಿದ್ದರೆ, ವಿಳಾಸ ಹಂಚುವವರು ಯಾರೂ ಸಿಗದೆ ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ರೂಟರನ್ನೋ ವೈಫೈಯನ್ನೋ ಶಂಕಿಸಬೇಕು. ಸಾಮಾನ್ಯವಾಗಿ ಮನೆಯ ರೂಟರ್ ಕೊಡುವ ವಿಳಾಸ 192.168ರಿಂದ ಶುರುವಾಗುತ್ತದೆ.

ಮುಂದಿನ ಸಾಧನ ಪಿಂಗ್. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರ್‌ನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಸದ್ದೇ ಇದರ ಹೆಸರು. ಪುಟ್ಟದೊಂದು ಪ್ಯಾಕೆಟ್ ಕಳಿಸಿ, ಅದರ ಪ್ರತಿಧ್ವನಿ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದಷ್ಟೇ ಇದರ ಕೆಲಸ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೈದರಾಬಾದಿನಿಂದ ಬೆಂಗಳೂರು ನೇರ ಗೆರೆಯಲ್ಲಿ ಸುಮಾರು 500 ಕಿಲೋಮೀಟರ್. ಹಾಗಾಗಿ ಹೋಗಿಬರಲು 5 ಮಿಲಿಸೆಕೆಂಡಾದರೂ ಬೇಕೇ ಬೇಕು.

ರೂಟರ್ ಉತ್ತರಿಸಿ, ಗೂಗಲ್‌ನ 8.8.8.8 ಮೌನವಾಗಿದ್ದರೆ ತೊಂದರೆ ಬಹುತೇಕ ಹೊರಗಿನ ಕೇಬಲಿನದು. ಆ ವಿಳಾಸ ಉತ್ತರಿಸಿದರೂ ಯಾವ ಜಾಲತಾಣವೂ ತೆರೆಯದಿದ್ದರೆ ತಪ್ಪು ಡಿಎನ್‌ಎಸ್‌ನದಿರಬಹುದು. ಹೆಸರುಗಳನ್ನು ಅಂಕಿಗಳಾಗಿ ಬದಲಿಸುವ ಈ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಕೇಬಲ್ ಗಟ್ಟಿಯಾಗಿಯೇ ಇರುತ್ತದೆ, ದಾರಿ ಕೇಳಲು ಮಾತ್ರ ಯಾರೂ ಸಿಗುವುದಿಲ್ಲ.

ದೋಷದ ಸಂದೇಶಗಳನ್ನೂ ಗಮನವಿಟ್ಟು ಓದಬೇಕು. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದರೆ ಸಾಮಾನ್ಯವಾಗಿ ಹೊರಗೆ ಹೋಗುವ ದಾರಿಯೇ ಯಂತ್ರಕ್ಕೆ ಗೊತ್ತಿಲ್ಲ. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಬರಲಿಲ್ಲ: ತಂತು ಕಡಿದಿರಬಹುದು, ಫೈರ್‌ವಾಲ್ ಪ್ಯಾಕೆಟ್ ನುಂಗಿರಬಹುದು. ‘ಕನೆಕ್ಷನ್ ರೆಫ್ಯೂಸ್ಡ್’ ಕೇಳಲು ಒರಟು, ಆದರೆ ಮೂರರಲ್ಲಿ ಒಳ್ಳೆಯ ಸುದ್ದಿ ಅದೇ. ಬಹುಪಾಲು ಸಲ ಪ್ಯಾಕೆಟ್ ಬೆಂಗಳೂರು ಮುಟ್ಟಿದೆ, ಸರ್ವರ್ ಎಚ್ಚರವಾಗಿದೆ; ಬೇಕಾದ ಸೇವೆಯಷ್ಟೇ ಓಡುತ್ತಿಲ್ಲ. ಕೇಬಲ್‌ನವರನ್ನು ಕರೆದು ಪ್ರಯೋಜನವಿಲ್ಲ.

ನಡುದಾರಿಯ ಗುಟ್ಟು ತಿಳಿಯಲು ವ್ಯಾನ್ ಜೇಕಬ್ಸನ್ ಬರೆದ ಟ್ರೇಸ್‌ರೂಟ್ ಇದೆ. ಪ್ರತಿ ಪ್ಯಾಕೆಟ್‌ಗೂ ಒಂದು ಆಯುಸ್ಸಿನ ಅಂಕಿ ಉಂಟು. ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದಲ್ಲಿ ಪ್ಯಾಕೆಟ್ ಸಾಯುತ್ತದೆ, ಆ ರೂಟರ್ ಸಾಮಾನ್ಯವಾಗಿ ಸಾವಿನ ಸುದ್ದಿ ಕಳಿಸುತ್ತದೆ. ಆಯುಸ್ಸನ್ನು 1, 2, 3 ಎಂದು ಏರಿಸುತ್ತ ಹೋದರೆ ದಾರಿಯುದ್ದದ ರೂಟರ್‌ಗಳು ಒಂದೊಂದಾಗಿ ವಿಳಾಸ ಹೇಳುತ್ತವೆ. ಕೆಲವು ಉತ್ತರಿಸದೆಯೂ ಇರುತ್ತವೆ. ನಡುವೆ ಕಂಡ ನಕ್ಷತ್ರ ಚಿಹ್ನೆಗಳೆಲ್ಲ ದೋಷವಲ್ಲ.

ಮುಂದಿನ ಸಲ ದೂರು ಕೊಡುವಾಗ ‘ನೆಟ್ ಇಲ್ಲ’ ಎನ್ನುವ ಬದಲು ‘ರೂಟರ್ ಉತ್ತರಿಸುತ್ತಿದೆ, ಅದರಾಚೆ ಏನೂ ಉತ್ತರಿಸುತ್ತಿಲ್ಲ’ ಎನ್ನಿ. ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಸಲಹೆಗೆ ಅಲ್ಲಿ ಜಾಗವಿರುವುದಿಲ್ಲ.