ಶಿಫ್ಟ್ ನಿಮ್ಮದು, ನಿದ್ದೆ ಮಗುವಿನದು

ರಾತ್ರಿ ಹತ್ತೂವರೆ. ಎಲೆಕ್ಟ್ರಾನಿಕ್ ಸಿಟಿಯಿಂದ ಅಪ್ಪ ಈಗಷ್ಟೇ ಮನೆಗೆ ಬಂದಿದ್ದಾರೆ. ಮೂರು ವರ್ಷದ ಮಗು ಇನ್ನೂ ಎಚ್ಚರ, ಕೈಯಲ್ಲಿ ಮೊಬೈಲ್. ನಿಮ್ಮ ಮನೆಯಲ್ಲೂ ಹೀಗೇನಾ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: 1–2 ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, 3–4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರುತ್ತೆ. ಸ್ಕೂಲ್ ವ್ಯಾನ್‌ಗಾಗಿ ಆರೂವರೆಗೆ ಏಳೋ ಮಗು ಎಂಟೂವರೆಗೆ ಮಲಗಿದರೆ ರಾತ್ರಿಯೇ 10 ಗಂಟೆ ಸಿಗುತ್ತೆ.

ಹಾಗಾದ್ರೆ ಏನು ಮಾಡೋದು? ಏಳಕ್ಕೆ ಊಟ. ಏಳೂವರೆಗೆ ಟಿವಿ, ಮೊಬೈಲ್ ಬಂದ್. ಪರದೆಯ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತೆ. ಟ್ಯೂಬ್‌ಲೈಟ್ ಆರಿಸಿ, ಸಣ್ಣ ದೀಪ ಹಾಕಿ. ಕೈಕಾಲು ತೊಳೆಸಿ, ಹಲ್ಲುಜ್ಜಿಸಿ, ಒಂದು ಕತೆ, ಒಂದು ಜೋಗುಳ. ದಿನಾ ಇದೇ ಕ್ರಮ, ಭಾನುವಾರವೂ.

ಪೀಣ್ಯದ ಸೆಕೆಂಡ್ ಶಿಫ್ಟ್, ವೈಟ್‌ಫೀಲ್ಡ್‌ನ ರಾತ್ರಿ ಕಾಲ್ ತಪ್ಪಿಸೋಕಾಗಲ್ಲ, ನಿಜ. ಮಗು ನಿಮಗಾಗಿ ಕಾಯೋದೂ ಸಹಜ. ಅದಕ್ಕೇ ಮಗುವಿನ ಜೊತೆಗಿನ ಹೊತ್ತನ್ನು ಬೆಳಗ್ಗೆಗೆ ಇಟ್ಕೊಳ್ಳಿ. ಸ್ನಾನ, ತಿಂಡಿ ನೀವೇ ಮಾಡಿಸಿ. ರಾತ್ರಿ ಮಲಗಿಸೋರು ಅಜ್ಜಿಯೇ ಆಗಲಿ, ಯಾರೇ ಆಗಲಿ, ಕ್ರಮ ಮಾತ್ರ ಬದಲಾಗಬಾರದು.

ಮಗು ದಿನಾ ಜೋರಾಗಿ ಗೊರಕೆ ಹೊಡೆದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಉಳಿದದ್ದು ನಿಮ್ಮ ಕೈಲೇ ಇದೆ. ಇವತ್ತಿಂದಲೇ ಶುರು ಮಾಡಿ.