ಲಾವಾ ಎಷ್ಟು ದೂರ ಹರಿದೀತು?

2018ರ ಮೇ 3ರಂದು ಹವಾಯಿಯ ಕಿಲವೇಯ ಜ್ವಾಲಾಮುಖಿಯ ಪೂರ್ವ ತಪ್ಪಲಿನಲ್ಲಿರುವ ಲೆಯ್ಲಾನಿ ಬಡಾವಣೆಯ ನೆಲ ಬಿರುಕುಬಿಟ್ಟು ಲಾವಾ ಹೊರಬಂತು. ಮೊದಮೊದಲು ಅದು ಅಂಟಂಟಾಗಿ, ಬಿರುಕುಗಳ ಆಸುಪಾಸಿನಲ್ಲೇ ಗುಡ್ಡೆಗಟ್ಟಿ ನಿಲ್ಲುತ್ತಿತ್ತು. ಮೇ ಕೊನೆಯ ಹೊತ್ತಿಗೆ ಎಲ್ಲವೂ ಬದಲಾಯಿತು. ಎಂಟನೆಯ ಬಿರುಕಿನಿಂದ ಚಿಮ್ಮಿದ ಲಾವಾ ಹೊಳೆಯಾಗಿ ಹರಿದು, ಸುಮಾರು ಒಂದು ವಾರದಲ್ಲಿ 13 ಕಿ.ಮೀ. ಸಾಗಿ ಕಡಲು ಸೇರಿತು. ಆ ವರ್ಷ 700ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ಎರಡೂ ಒಂದೇ ಜ್ವಾಲಾಮುಖಿಯ ಲಾವಾ. ಆದರೆ ಮೊದಲು ಬಂದದ್ದು ನೆಲದಡಿ ದಶಕಗಳ ಕಾಲ ಉಳಿದು ಆರುತ್ತಿದ್ದ ಹಳೆಯ ಶಿಲಾಪಾಕ. ಅದರ ಉಷ್ಣತೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್. ಅದರ ಹಿಂದೆಯೇ ಬಂದ ಹೊಸ ಪಾಕ ಅದಕ್ಕಿಂತ ಹತ್ತಾರು ಡಿಗ್ರಿಯಷ್ಟೇ ಹೆಚ್ಚು ಬಿಸಿಯಾಗಿತ್ತು. ಸಾವಿರದ ಲೆಕ್ಕದಲ್ಲಿ ಅಲ್ಪವೆನಿಸುವ ಈ ಅಂತರ ಇಷ್ಟು ದೊಡ್ಡ ವ್ಯತ್ಯಾಸ ಮಾಡಿದ್ದು ಹೇಗೆ?

ಕಿಲವೇಯದಂಥ ಬಸಾಲ್ಟ್ ಲಾವಾದಲ್ಲಿ ಸುಮಾರು ಅರ್ಧಭಾಗ ಸಿಲಿಕಾ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಕ್ಕೊಂದು ಹೆಣೆದುಕೊಂಡು ಸರಪಳಿ ಕಟ್ಟುತ್ತವೆ. ಶಾಖ ಆ ಕೊಂಡಿಗಳನ್ನು ಸಡಿಲಿಸುತ್ತದೆ. ಬಿಸಿ ಇಳಿದಂತೆ ಕೊಂಡಿಗಳು ಬಿಗಿಯಾಗಿ ದ್ರವದ ಸ್ನಿಗ್ಧತೆ, ಅಂದರೆ ಹರಿವಿಗೆ ಅದು ಒಡ್ಡುವ ತಡೆ, ಏರುತ್ತದೆ. ಹವಾಯಿಯ ತೆಳು ಲಾವಾ ಕೂಡ ನೀರಿಗಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು ಸ್ನಿಗ್ಧ.

ಇದಕ್ಕಿಂತ ದೊಡ್ಡ ಬದಲಾವಣೆ ತರುವುದು ಹರಳುಗಳು. ಆರುವ ಬೆಲ್ಲದ ಪಾಕ ಹರಳುಗಟ್ಟಿ ಸೌಟಿಗೆ ಸಿಕ್ಕಿಕೊಳ್ಳುವಂತೆ, ತಣಿಯುವ ಲಾವಾದಲ್ಲಿ ಆಲಿವೀನ್, ಪೈರಾಕ್ಸೀನ್, ಪ್ಲೇಜಿಯೋಕ್ಲೇಸ್ ಖನಿಜಗಳು ಮೂಡಿ ಹರಿವನ್ನು ತಡೆಯುತ್ತವೆ. ದ್ರವದಲ್ಲಿ ತೇಲುವ ಕಣಗಳು ಅದರ ಸ್ನಿಗ್ಧತೆಯನ್ನು ಎಷ್ಟು ಹೆಚ್ಚಿಸುತ್ತವೆಂಬ ಲೆಕ್ಕವನ್ನು ಐನ್‌ಸ್ಟೈನ್ 1906ರಲ್ಲೇ ಪ್ರಕಟಿಸಿದ್ದರು. ಅದನ್ನು ವಿಸ್ತರಿಸಿದ ಸೂತ್ರದ ಪ್ರಕಾರ ಹರಳುಗಳು ಶೇ. 30 ಆದರೆ ಸ್ನಿಗ್ಧತೆ ಆರು ಪಟ್ಟಿನ ಹತ್ತಿರ, ಶೇ. 50 ಆದರೆ ಸುಮಾರು 90 ಪಟ್ಟು ಏರುತ್ತದೆ. ಹರಳುಗಳು ಒಂದಕ್ಕೊಂದು ತಾಗಿ ಚೌಕಟ್ಟು ಕಟ್ಟಿಕೊಂಡ ಮೇಲೆ, ಇಳಿಜಾರಿದ್ದರೂ ಸಾಕಷ್ಟು ಒತ್ತಡವಿಲ್ಲದೆ ಲಾವಾ ಕದಲುವುದಿಲ್ಲ. ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಅದು ಬಹುಪಾಲು ಕಲ್ಲೇ.

ಈ ವ್ಯತ್ಯಾಸ ಬರಿಗಣ್ಣಿಗೂ ಕಾಣುತ್ತದೆ. ಬಿಸಿಯಾದ, ನಿಧಾನವಾಗಿ ಹರಿಯುವ ಲಾವಾ ನಯವಾದ ಮಡಿಕೆಗಳಾಗಿ ಹರಡುತ್ತದೆ. ಹವಾಯಿಯವರು ಅದನ್ನು ಪಾಹೊಯ್‌ಹೊಯ್ ಎನ್ನುತ್ತಾರೆ. ತಣಿದು ಹರಳು ತುಂಬಿದ ಮೇಲೂ ರಭಸವಾಗಿ ಎಳೆಸಿಕೊಂಡರೆ ಮೇಲ್ಮೈ ಹರಿದು ಚೂಪು ಕಲ್ಲುಗಳ ರಾಶಿಯಾದ ಆ-ಆ ಹುಟ್ಟುತ್ತದೆ. ಪಾಹೊಯ್‌ಹೊಯ್ ಮುಂದೆ ಸಾಗುತ್ತ ಆ-ಆ ಆಗಬಲ್ಲದು. ಆ-ಆ ಮರಳಿ ನಯವಾಗುವುದು ತೀರಾ ವಿರಳ.

ಹಾಗಾದರೆ ತಂಪು ಯಾವಾಗಲೂ ಹರಿವಿಗೆ ಅಡ್ಡಿಯೇ? ಇಲ್ಲ. ಗಾಳಿ ತಾಗಿದ ಕೂಡಲೇ ಲಾವಾದ ಮೇಲೆ ಕಲ್ಲಿನ ತೊಗಟೆ ಕಟ್ಟುತ್ತದೆ. ಕಲ್ಲು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದ ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ತೊಗಟೆ ಸುರಂಗವಾದಾಗ ಕಿಲವೇಯದ ಲಾವಾ ಕಿಲೋಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟೇ ಕಳೆದುಕೊಂಡು ಸಾಗಿದ್ದುಂಟು. ಲಾವಾ ಎಷ್ಟು ದೂರ ಹೋಗುತ್ತದೆಂಬುದನ್ನು ಹೊರಡುವಾಗಿನ ಬಿಸಿಯಷ್ಟೇ ಅಲ್ಲ, ಆ ಬಿಸಿಯನ್ನು ಅದು ಎಷ್ಟು ನಿಧಾನವಾಗಿ ಬಿಟ್ಟುಕೊಡುತ್ತದೆಂಬುದೂ ತೀರ್ಮಾನಿಸುತ್ತದೆ.

6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯನ್ನು ಕಟ್ಟಿದ ಬಸಾಲ್ಟ್ ಪದರಗಳು ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳಲ್ಲೂ ಹಬ್ಬಿವೆ. ಪಶ್ಚಿಮ ಭಾರತದಿಂದ ದೂರದ ರಾಜಮಹೇಂದ್ರಿಯ ಬಳಿಯೂ ಅದೇ ರಾಸಾಯನಿಕ ಗುಣದ ಪದರಗಳಿವೆ. ಲಾವಾ ಅಷ್ಟು ದೂರ ಹರಿದೇ ಹೋಗಿದೆಯೆಂದು ಹಲವು ಭೂವಿಜ್ಞಾನಿಗಳು ಭಾವಿಸುತ್ತಾರೆ. ತೊಗಟೆಯ ರಕ್ಷಣೆಯಿಲ್ಲದೆ ಅಂಥ ಪಯಣ ಊಹೆಗೂ ನಿಲುಕದು.

ತಣಿದ ಲಾವಾ ನಿಲ್ಲುತ್ತದೆಂಬ ತಿಳಿವಳಿಕೆ ಬಂದರೊಂದನ್ನೂ ಉಳಿಸಿದೆ. 1973ರಲ್ಲಿ ಐಸ್‌ಲ್ಯಾಂಡಿನ ಹೈಮೇ ದ್ವೀಪದಲ್ಲಿ ಲಾವಾ ಬಂದರಿನ ಬಾಯಿ ಮುಚ್ಚುವಂತಾದಾಗ, ಅಲ್ಲಿನವರು ತಿಂಗಳುಗಟ್ಟಲೆ ಸುಮಾರು 600 ಕೋಟಿ ಲೀಟರ್ ಕಡಲ ನೀರು ಹಾಯಿಸಿ ಅದರ ಮುಂಚೂಣಿಯನ್ನು ಕಲ್ಲಾಗಿಸಿದರು. ಬಂದರು ಉಳಿಯಿತು. 2018ರಲ್ಲಿ ಹವಾಯಿಯ ವಿಜ್ಞಾನಿಗಳು ಲಾವಾದ ಮಾದರಿಗಳನ್ನು ಆಗಿಂದಾಗ್ಗೆ ಪರೀಕ್ಷಿಸಿ, ಹೆಚ್ಚು ಬಿಸಿಯ ಪಾಕ ಮೇಲೇರಿರುವುದನ್ನು ರಾಸಾಯನಿಕ ಬದಲಾವಣೆಯಿಂದಲೇ ಗುರುತಿಸಿದರು. ಜ್ವಾಲಾಮುಖಿಯ ಮಗ್ಗುಲಲ್ಲಿ ಬದುಕುವವರಿಗೆ ಮನೆ ಬಿಡಲು ಉಳಿದಿರುವ ಹೊತ್ತು ದಿನಗಳೋ ಗಂಟೆಗಳೋ ಎಂದು ಅಂದಾಜಿಸಲು, ಆ ಹತ್ತಾರು ಡಿಗ್ರಿಗಳ ಏರಿಳಿತವನ್ನು ಸಕಾಲದಲ್ಲಿ ಅಳೆಯಲೇಬೇಕು.